ನಾಲ್ಕನೆಯ ಪೆಟ್ಟು

ಮುಂದೆ ನಿಂತಿರುವ ಉದ್ದನೆಯ ಆಸಾಮಿಗೆ ಕಟಿಂಗ್ ಮಾಡಿದ ಪುಣ್ಯಾತ್ಮ ಯಾರೋ, ಕುತ್ತಿಗೆಯ ಮೇಲೆ ಕೂದಲು ಎಡಕ್ಕೆ ಇಳಿದಿದೆ, ಬಲಕ್ಕೆ ಒಂದು ಬೆರಳು ಏರಿದೆ, ಕುರಿಯ ತುಪ್ಪಟವನ್ನಾದರೂ ಇದಕ್ಕಿಂತ ನೆಟ್ಟಗೆ ತೆಗೆಯುತ್ತಾರೆ, ಕೈಯಲ್ಲಿ ಕತ್ತರಿ ಇದ್ದಿದ್ದರೆ ಇಲ್ಲೇ ಸರಿಮಾಡಿಬಿಡುತ್ತಿದ್ದಳು — ಅಂಗಡಿ ಮುಚ್ಚಿ ಬಂದರೂ ಅಂಗಡಿ ತಲೆಯಿಂದ ಇಳಿಯುವುದಿಲ್ಲ, ಮೈದಾನದ ತುಂಬ ಅವಳಿಗೆ ಕಾಣುವುದು ತಲೆಗಳೇ, ಗುಂಗುರು ತಲೆ, ಬೋಳು ತಲೆ, ಬಣ್ಣ ಮಾಸಿ ಬುಡದಲ್ಲಿ ನರೆ ಇಣುಕುವ ತಲೆ, ಎಲ್ಲವೂ ಒಂದೇ ಸಮ ಕುಣಿಯುತ್ತಿವೆ, ಗಿಟಾರಿನ ಕಿರುಚು ಹಲ್ಲಿನ ಬೇರಿಗೆ ಹೋಗಿ ತಾಗುತ್ತಿದೆ, ಆ ತಲೆಗಳ ಆಚೆ ವೇದಿಕೆಯ ಎರಡೂ ಬದಿಗೆ ಪೊಲೀಸರ ಕಪ್ಪು ಹೆಲ್ಮೆಟ್ಟುಗಳ ಸಾಲು, ಇಳಿಬಿಸಿಲಿಗೆ ಫಳಫಳ ಹೊಳೆಯುತ್ತಿವೆ, ಮುಖ ಒಂದೂ ಕಾಣುವುದಿಲ್ಲ, ಅದರಲ್ಲಿ ಒಂದು ಅವಳ ತಮ್ಮನದು. ಯಾವುದೋ ದೇವರೇ ಬಲ್ಲ. ಬೆಳಿಗ್ಗೆ ಅವಳ ಕುರ್ಚಿಯಲ್ಲೇ ಕೂತು ತಲೆ ಕೊಟ್ಟಿದ್ದ, ಡ್ಯೂಟಿ ಇದೆ ಅಕ್ಕ, ಗಿಡ್ಡಕ್ಕೆ ಹೊಡಿ ಅಂದ, ಅವಳು ನೆತ್ತಿ ಸವರಿ ನಕ್ಕಳು, ಎರಡು ಸುಳಿ ಇದ್ದೋನಿಗೆ ಎರಡು ಮದ್ವೆ ಅಂತಾರೆ, ನಿಂಗೆ ಒಂದಕ್ಕೇ ಗತಿಯಿಲ್ವಲ್ಲೋ ಗುಬ್ಬಿ, ಸುಮ್ನೆ ಕಟ್ ಮಾಡಕ್ಕ, ಕಿವಿ ಕುಯ್ದುಬಿಟ್ಟೀಯ. ಎಲ್ಲಿ ಡ್ಯೂಟಿ ಎಂದು ಕೇಳಿದ್ದಕ್ಕೆ ಕನ್ನಡಿಯಲ್ಲಿ ಅವಳನ್ನು ನೋಡಿದ, ನೀನು ಹೋಗೋ ಕಡೆಗೇ. ಅವಳ ಕತ್ತರಿ ನಿಂತಿತು. ಹಾಗಾದ್ರೆ ನಿಮ್ ಸಾಹೇಬ್ರಿಗೆ ಮೊದ್ಲೇ ಹೇಳೋ, ಕೊನೇ ಹಾಡಲ್ಲಿ ಎಲ್ಲಾರೂ ಕೂತ್ಕೊಂಡು ಒಟ್ಟಿಗೆ ಏಳ್ತಾರೆ, ಅದು ಗಲಾಟೆ ಅಲ್ಲ, ಹಾಡೇ ಹಂಗೆ ಅಂತ. ಹೇಳ್ತೀನಿ ಅಕ್ಕ. ಮರೀಬೇಡ. ಹೇಳ್ತೀನಿ ಅಂದ್ನಲ್ಲ, ನಂಗೊತ್ತಿಲ್ವಾ ಆ ಹಾಡು.

ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು, ಹಾಡುವವನಿಗೆ ಗೊಗ್ಗರಪ್ಪ ಎಂದು ಹೆಸರಿಟ್ಟವನೇ ಅವನು, ಚಿಕ್ಕಂದಿನಲ್ಲಿ ಅಪ್ಪ ಕೆಲಸಕ್ಕೆ ಹೋದದ್ದೇ ತಡ ಇಬ್ಬರೂ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿ ಕೂರುತ್ತಿದ್ದರು, ಇವನು ಹಿಟ್ಟಿನ ಡಬ್ಬ ಬೋರಲು ಹಾಕಿ ಎಡಗೈಯಲ್ಲಿ ಮರದ ಚಮಚ ಹಿಡಿದು ಬಾರಿಸುತ್ತಿದ್ದ, ಧಡ್ ಧಡ್ ಧಡ್, ಹಾಡಿನಲ್ಲಿ ಅದು ಪೊಲೀಸರು ಮನೆಯ ಬಾಗಿಲು ಬಡಿಯುವ ಸದ್ದು, ಆಮೇಲೆ ಹಾಡು ಉಸಿರು ಹಿಡಿದು ನಿಲ್ಲುತ್ತದೆ, ಒಳಗಿರುವವನು ಬಾಗಿಲು ತೆಗೆಯಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತು, ಆಮೇಲೆ ನಾಲ್ಕನೆಯದು, ಬಾಗಿಲು ಮುರಿಯುವ ಪೆಟ್ಟು, ಅವನನ್ನು ಎಳೆದುಕೊಂಡು ಹೋಗುತ್ತಾರೆ, ಲಾಕಪ್ಪಿನಿಂದ ವಾಪಸು ಬರುವುದು ಅವನ ಅಂಗಿ ಮಾತ್ರ. ಬಡಗಿ ಅಪ್ಪನಿಗೆ ಹಾಡಿಗಿಂತ ಎಡಗೈಯ ಮೇಲೇ ಹೆಚ್ಚು ಸಿಟ್ಟು, ಎಡಚ ಮಗ ಉಳಿ ಹಿಡಿದು ಉದ್ಧಾರವಾದ ಹಾಗೇ ಇದೆ, ಅಳತೆಪಟ್ಟಿ ತಿರುಗಿಸಿ ಗೆಣ್ಣಿನ ಮೇಲೆ ಬಾರಿಸುತ್ತಿದ್ದ, ಚರ್ಮ ಸುಲಿದು ಒಳಗಿನ ಬಿಳುಪು ಕಾಣುವ ತನಕ, ಇವಳು ನಲ್ಲಿಯ ಕೆಳಗೆ ಆ ಪುಟ್ಟ ಮುಷ್ಟಿ ಹಿಡಿದು ನಿಲ್ಲುತ್ತಿದ್ದಳು, ನೀರು ಕೆಂಪಾಗಿ ಹರಿಯುತ್ತಿತ್ತು, ಅವನು ಅಳುತ್ತಿರಲಿಲ್ಲ, ನೀರಿನ ಸದ್ದಿಗೆ ಬಲಗೈಯಲ್ಲಿ ತೊಡೆಯ ಮೇಲೆ ಬಾರಿಸುತ್ತಿದ್ದ, ಧಡ್ ಧಡ್ ಧಡ್. ಈಗ ವೇದಿಕೆಯ ಮೇಲೆ ಗೊಗ್ಗರಪ್ಪ ಮೈಕು ನುಂಗುವವನ ಹಾಗೆ ನಿಂತಿದ್ದಾನೆ, ಮಂತ್ರಿಗಳು ಹೇಳ್ತಾರೆ ಲಾಕಪ್ಪಲ್ಲಿ ಸತ್ತೋರೆಲ್ಲ ಕಾಲುಜಾರಿ ಬಿದ್ದೋರಂತೆ, ಅಲ್ಲ ಸ್ವಾಮಿ, ಸಾಬೂನಿಂದ ಸಾರಿಸ್ತೀರಾ ನೆಲಾನ, ಮೈದಾನ ಘೊಳ್ಳೆಂದು ನಗುತ್ತದೆ, ಮುಂದೆ ನಿಂತ ಉದ್ದಣ್ಣ ತಿರುಗಿ ಅವಳಿಗೂ ಬಾಟಲಿಯ ನೀರು ಕೊಡುತ್ತಾನೆ, ತಗೋಳಿ ಮೇಡಂ, ಕಿರುಚೋಕೆ ಗಂಟಲು ಬೇಕಲ್ಲ, ಅಂಚೆ ಕಚೇರಿಯಲ್ಲಿ ಕೆಲಸವಂತೆ, ಹಾಡುಗಳೆಲ್ಲ ಬಾಯಿಪಾಠವಂತೆ. ಹೆಲ್ಮೆಟ್ಟುಗಳು ಮಾತ್ರ ನಗುವುದಿಲ್ಲ. ಅವರಲ್ಲೊಬ್ಬ ಒಳಗೊಳಗೇ ನಗುತ್ತಿರಬಹುದೆಂದು ಅವಳಿಗೆ ಆಸೆ.

ಕೊನೆಯ ಹಾಡಿಗೆ ಡ್ರಮ್ಮಿನವಳು ಕೋಲು ಎತ್ತಿದಳು, ಧಡ್ ಧಡ್ ಧಡ್, ಮೈದಾನವೆಲ್ಲ ಒಟ್ಟಿಗೆ ಕೂತಿತು, ಸಾವಿರಾರು ಮಂಡಿಗಳು ಮಣ್ಣಿಗೆ ಊರಿದ ಸದ್ದು, ಧೂಳು, ಯಾರದೋ ಕೆಮ್ಮು, ನಿಂತಿರುವವರು ಪೊಲೀಸರು ಮಾತ್ರ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಯಾಕೆ ನೋಡುತ್ತಿದ್ದಾರೆ, ಗೊತ್ತಿರಬೇಕಲ್ಲ, ಹೇಳಿರಬೇಕಲ್ಲ, ಲಾಠಿಗಳು ಕೈಗೆ ಬಂದವು, ಹೇಳಿಲ್ಲ, ಅಯ್ಯೋ ಗುಬ್ಬಿ ನೀನು ಹೇಳಿಲ್ಲ — ನಾಲ್ಕನೆಯ ಪೆಟ್ಟು ಬಿತ್ತು, ಎಲ್ಲರೂ ಕೂಗುತ್ತ ಎದ್ದರು, ಎದ್ರು, ಮೇಲೆ ಬೀಳ್ತಾರೆ, ನುಗ್ಗಿ ನುಗ್ಗಿ ಎಂದು ಸಾಹೇಬನ ಧ್ವನಿ, ಆಮೇಲೆ ಎಲ್ಲ ಮೂಳೆಯ ಸದ್ದು. ಬೋಳು ತಲೆ ಒಡೆದು ರಕ್ತ ಹುಬ್ಬಿಗಿಳಿಯಿತು, ಬಣ್ಣ ಮಾಸಿದ ತಲೆಯವಳನ್ನು ಜುಟ್ಟು ಹಿಡಿದು ಎಳೆದರು, ಒಂದು ಹಿಡಿ ಕೂದಲು ಬುಡಸಹಿತ ಕಿತ್ತು ಬಂತು, ಬಿದ್ದವರ ಮೇಲೆ ಓಡುವವರು, ಓಡುವವರ ಮೊಣಕಾಲಿಗೆ ಲಾಠಿ, ಯಾರದೋ ಉದುರಿದ ಹಲ್ಲು ನೆಲಕ್ಕೂರಿದ ಅವಳ ಅಂಗೈಗೆ ಚುಚ್ಚಿತು, ಅವಳು ಅದನ್ನು ಕೊಡವಿದಳು, ಯಾಕೆ ಹೇಳಲಿಲ್ಲ, ಹೇಳಿದರೆ ಸಾಹೇಬ ಕೇಳುತ್ತಿದ್ದ, ನಿನಗೆ ಹೇಗಯ್ಯಾ ಗೊತ್ತು ಆ ಹಾಡು, ನೀನೂ ಅವರ ಪೈಕಿಯಾ, ಆ ಒಂದು ಪ್ರಶ್ನೆಗೆ ಹೆದರಿ ಬಾಯಿ ಹೊಲಿದುಕೊಂಡು ನಿಂತನೇ, ಇಲ್ಲ, ಹೇಳಿರುತ್ತಾನೆ, ಪೇದೆಯ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ, ಹೇಳಿರುತ್ತಾನೆ, ಎಲ್ಲೋ ಹಿಂದಿನ ಸಾಲಿನಲ್ಲಿ ಲಾಠಿ ಎತ್ತದೆ ನಿಂತಿರುತ್ತಾನೆ, ಅಷ್ಟಾದರೂ, ಅಷ್ಟಾದರೂ ಸಾಕು.

ಉದ್ದಣ್ಣ ಅವಳ ಎದುರಿಗೇ ಮಂಡಿಯೂರಿ ಬಿದ್ದಿದ್ದಾನೆ, ಎರಡೂ ಕೈ ತಲೆಯ ಮೇಲೆ, ಅವನ ಮೇಲೆ ಒಬ್ಬ ಹೆಲ್ಮೆಟ್ಟಿನವನು ಬಾಗಿದ್ದಾನೆ, ಲಾಠಿ ಎಡಗೈಯಲ್ಲಿ. ಎಡಚ ಲೋಕದಲ್ಲಿ ಗುಬ್ಬಿಯೊಬ್ಬನೇ ಏನಲ್ಲ. ಮೊದಲನೆಯದು ಬೆರಳುಗಳ ಮೇಲೆ ಬಿತ್ತು, ಎರಡನೆಯದು ಅದೇ ಜಾಗಕ್ಕೆ, ಮೂರನೆಯದು ಕುತ್ತಿಗೆಯ ಮೇಲೆ, ಏರಿದ್ದ ಕೂದಲಿನ ಕೆಳಗೆ ಚರ್ಮ ಬಾಯಿಬಿಟ್ಟಿತು, ಆಮೇಲೆ ಲಾಠಿ ಮೇಲೆ ನಿಂತಿತು, ಒಂದು ಉಸಿರು ಹಿಡಿದು ಬಿಡುವಷ್ಟು ಹೊತ್ತು, ಆಮೇಲೆ ನಾಲ್ಕನೆಯದು, ಉದ್ದಣ್ಣನ ಮುಖ ಮಣ್ಣಿಗೆ ಹೋಯಿತು, ಮತ್ತೆ ಒಂದು ಎರಡು ಮೂರು, ಮತ್ತೆ ಆ ಬಿಡುವು, ತಾಳ ತಪ್ಪಿಲ್ಲ, ಯಾವತ್ತೂ ತಪ್ಪಿದವನಲ್ಲ, ಗೊತ್ತಿದ್ದು ಹೊಡೆಯುತ್ತಿದ್ದಾನೋ ಗೊತ್ತಿಲ್ಲದೆಯೋ, ಅವಳು ಹಾರಿ ಉದ್ದಣ್ಣನ ಬೆನ್ನಿನ ಮೇಲೆ ಕವುಚಿ ಬಿದ್ದಳು, ಬಿಸಿ ರಕ್ತ ಅವಳ ಕೆನ್ನೆಗೆ ಮೆತ್ತಿತು, ಕೆಳಗೆ ಅವನ ಪಕ್ಕೆಲುಬು ಕರಕರ ಎನ್ನುತ್ತಿದೆ, ಗುಬ್ಬೀ, ನಾನು ಕಣೋ, ಅಕ್ಕ. ಹೆಲ್ಮೆಟ್ಟಿನ ಗಾಜಿಗೆ ಒಳಗಿನಿಂದ ಉಸಿರಿನ ಮಂಜು ಹಿಡಿದಿದೆ, ಕಣ್ಣು ಕಾಣುವುದಿಲ್ಲ, ಕೈಗವಚ ಜಾರಿ ಗೆಣ್ಣು ಕಾಣುತ್ತಿದೆ, ಹಳೆಯ ಬಿಳಿ ಕಲೆಗಳು, ಎಷ್ಟು ಸಲ ಅವಳೇ ತೊಳೆದವು. ಪಕ್ಕಕ್ಕೆ ಸರಿ ಅಕ್ಕಾ. ಗುರುತು ಸಿಕ್ಕಿದೆ, ಗುರುತು ಸಿಕ್ಕೇ ಹೇಳುತ್ತಿದ್ದಾನೆ, ಧ್ವನಿ ತಗ್ಗಿಸಿ, ಮನೆಯಲ್ಲಿ ಉಪ್ಪು ಕೇಳುವಾಗಿನ ಅದೇ ಧ್ವನಿ, ಸಾಹೇಬ್ರು ನೋಡ್ತಿದಾರೆ, ಆಚೆ ಸರಿ ಅಕ್ಕಾ. ಅವಳು ಸರಿಯುವುದಿಲ್ಲ, ಅವನ ಕೈ ಇಳಿಯುವುದಿಲ್ಲ, ಇಳಿಸೋ ಗುಬ್ಬಿ, ಸುಮ್ಮನೆ ಇಳಿಸು, ಬೆಳಿಗ್ಗೆ ಅವನ ಕಿವಿಯ ಹಿಂದಿನ ಕೂದಲನ್ನು ಊದಿ ತೆಗೆದಿದ್ದಳು, ಕಚಗುಳಿಯಾಗಿ ನಕ್ಕಿದ್ದ, ಇಳಿಸು, ಮೂರು ಬಿದ್ದಾಗಿದೆ, ಮೇಲೆ ಎಡಗೈ, ಕೈಯಲ್ಲಿ ಲಾಠಿ, ಲಾಠಿಯ ತುದಿಯಲ್ಲಿ ಉದ್ದಣ್ಣನ ಕೂದಲು ಅಂಟಿದೆ, ಎತ್ತಿದ ಎಡಗೈ, ಇಳಿಯುವುದೂ ಇಲ್ಲ, ಎತ್ತಿದ ಎಡಗೈ, ಎತ್ತಿದ