ಟಾರ್ಪೆಡೊನ ಮೂರು ಬಟ್ಟಲು

ಬಟ್ಟಲಿಗೆ ಬೆರಳು ಹಾಕಿದ್ದೇ ತಡ, ಟಾರ್ಪೆಡೊನಿಗೆ ಪಿತ್ತ ನೆತ್ತಿಗೇರಿತು.

ಟಾರ್ಪೆಡೊ ಅಂದರೆ ಸಿಡಿಮದ್ದಲ್ಲ, ಮನುಷ್ಯ. ಎಪ್ಪತ್ತೆಂಟು ವರ್ಷ, ಐದೂಕಾಲು ಅಡಿ, ಬೋಳು ತಲೆ. ಹದಿನೇಳಕ್ಕೆ ನೌಕಾಪಡೆ ಸೇರಿ, ಹದಿನಾಲ್ಕು ವರ್ಷ ಹಡಗುಗಳ ಹೊಟ್ಟೆಯಡಿ ಮುಳುಗುವ ಕೆಲಸ ಮಾಡಿದವನು. ಸಿಟ್ಟು ಬಂದರೆ ಅಕ್ಕಪಕ್ಕ ನೋಡದೆ ನೇರ ಹೋಗಿ ಗುದ್ದುತ್ತಾನೆಂದು ಬಂದರಿನವರು ಇಟ್ಟ ಹೆಸರು ಅದು. ಅವನಿಗೂ ಒಳಗೊಳಗೇ ಇಷ್ಟ.

ನೌಕಾಪಡೆ ಬಿಟ್ಟು ಬಂದು ಅವನು ತೆರೆದ ಅಂಗಡಿಗೆ ಒಂದೇ ಕೆಲಸ: ದೋಣಿ, ಲಾಂಚುಗಳ ತಳ ಪರೀಕ್ಷೆ. ಡೈವರ್ ನೀರಿಗಿಳಿದು ತಳವನ್ನೆಲ್ಲ ತಡವಿ ನೋಡಬೇಕು. ತೂತು, ಬಿರುಕು ಇಲ್ಲವೆಂದರೆ ಸರ್ಟಿಫಿಕೇಟು. ಶುರುವಿನಲ್ಲಿ ಹಳೆಯ ಗಾಳಿಪಂಪು ಒಂದು, ಹೆಂಡತಿ ಒಬ್ಬಳು, ಅಷ್ಟೇ ಬಂಡವಾಳ. ಇವನು ನೀರೊಳಗೆ, ಅವಳು ಮೇಲೆ ಹಗ್ಗ ಹಿಡಿದು. ಮಗ ಸುರುಳಿ ಸುತ್ತಿಟ್ಟ ಇನ್ನೊಂದು ಹಗ್ಗದ ನಡುವೆ ಕೂತು ಹೆಬ್ಬೆರಳು ಚೀಪುತ್ತಾ. ಹಾಗೆ ಮುಳುಗಿ ಎದ್ದೇ ಮನೆ ಕಟ್ಟಿದ್ದು, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು, ನಲವತ್ತೇಳು ವರ್ಷ ದಾಟಿದ್ದು.

ಅಂಗಡಿಗೊಂದು ಕಟ್ಟುಪಾಡಿತ್ತು. ಡೈವರ್ ತಳವನ್ನು ಮೂರು ಕಡೆ ಕೆರೆದು, ಕೆರೆದದ್ದನ್ನು ಮೂರು ಸ್ಟೀಲ್ ಬಟ್ಟಲಲ್ಲಿ ತಂದು ಮೇಜಿನ ಮೇಲಿಡಬೇಕು: ಮೂತಿಯದು, ನಡುವಿನದು, ಹಿಂದಿನ ಫ್ಯಾನಿನ ಬುಡದ್ದು. ಬಟ್ಟಲು ಕಾಣದೆ ಸೀಲು ಇಲ್ಲ. ನೌಕಾಪಡೆಯಲ್ಲಿ ಅವನಿಗೊಬ್ಬ ಮೇಲಿನವನಿದ್ದ. "ನೋಡಿ ಬಂದೆ" ಎಂದರೆ "ಕೈ ತೋರಿಸು" ಎನ್ನುತ್ತಿದ್ದ. ಕೈ ಸ್ವಚ್ಛವಾಗಿದ್ದರೆ ಇನ್ನೊಮ್ಮೆ ನೀರಿಗೆ. ಆ ಪಾಠವನ್ನು ಟಾರ್ಪೆಡೊ ಬಟ್ಟಲಿಗೆ ಇಳಿಸಿದ್ದ.

ಈಗ ಮೂರೂ ಬಟ್ಟಲು ಮೇಜಿನ ಮೇಲಿದ್ದವು. ಪಕ್ಕದಲ್ಲಿ ದೊಡ್ಡ ಲಾಂಚಿನ ಸರ್ಟಿಫಿಕೇಟಿನ ನಕಲು. ನಿನ್ನೆಯ ತಾರೀಖು, ಇವನ ಹೆಸರಿನ ಸೀಲು, ಮಗನ ಸಹಿ. ಅಸಲು ಆಗಲೇ ಲಾಂಚಿನ ಮಾಲೀಕನ ಕೈಸೇರಿತ್ತು. ಹನ್ನೊಂದಕ್ಕೆ ಲಾಂಚು ಇನ್ನೂರು ಜನರನ್ನು ತುಂಬಿಕೊಂಡು ಹೊರಡಬೇಕು. ಗಡಿಯಾರದಲ್ಲಿ ಒಂಬತ್ತೂವರೆ.

"ಲೋ, ಬಾ ಇಲ್ಲಿ."

ಒಳಗಿನಿಂದ ಮಗ ಬಂದ. ನಲವತ್ತೆಂಟು ದಾಟಿದವನು, ಆದರೂ ಆ "ಲೋ" ಕೇಳಿದರೆ ಶರ್ಟಿನ ಗುಂಡಿ ಸರಿಯಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾನೆ.

"ಇದು ಯಾವುದರದ್ದು?"

"ದೊಡ್ಡ ಲಾಂಚಿಂದು ಅಪ್ಪ. ನಿನ್ನೆ ಮಾಡಿದ್ದು."

"ಅದರ ತಳಕ್ಕೆ ಯಾವ ಬಣ್ಣ?"

"ಕೆಂಪು."

"ಕೆಂಪು! ತಳ ಕೆರೆದ್ರೆ ಕೆಂಪು ಪೇಂಟಿನ ಹಕ್ಕಳೆ ಬರ್ಬೇಕು. ಎಲ್ಲಿದೆ ಇದ್ರಲ್ಲಿ ಕೆಂಪು?" ಟಾರ್ಪೆಡೊ ಉಗುರ ತುದಿಯಲ್ಲಿ ಒಂದು ಎಳೆಯನ್ನು ಎತ್ತಿ ಮಗನ ಮೂಗಿನ ಮುಂದೆ ಹಿಡಿದ. "ಇದೇನು ಹೇಳು. ಮರದ ಸಿಬಿರು! ಕಬ್ಬಿಣದ ಲಾಂಚು ಯಾವಾಗಿಂದ ಮರ ಉದುರಿಸೋಕೆ ಶುರು ಮಾಡ್ತು? ದೋಣಿ ಕಟ್ಟೋ ಜೆಟ್ಟಿಯ ಕಂಬ ಕೆರೆದು ತಂದಿದೀಯ. ನನ್ನ ಕಿವಿ ಮೇಲೆ ಹೂ ಇಡ್ತೀಯೇನೋ?"

"ಡೈವರ್‌ಗೆ ಕಿವಿ ಸೋರ್ತಿದೆ ಅಪ್ಪ. ಡಾಕ್ಟ್ರು ಹದಿನೈದು ದಿನ ನೀರಿಗಿಳೀಬೇಡ ಅಂದಿದಾರೆ. ಮಾಲೀಕ ಬೇರೆ ತಲೆ ಮೇಲೆ ಕೂತಿದ್ದ. ಹೋದ ವರ್ಷ ನೋಡಿದಾಗ ಚೆನ್ನಾಗೇ ಇತ್ತಲ್ಲ."

"ಹೋದ ವರ್ಷ ನಾನೂ ಚೆನ್ನಾಗಿದ್ದೆ! ಈ ವರ್ಷ ಎರಡು ಹಲ್ಲು ಹೋಯ್ತು! ಅವನಿಗೆ ಕಿವಿ ಸೋರಿದ್ರೆ ನಿನಗೇನಾಗಿತ್ತು ಧಾಡಿ? ನೀನು ಇಳೀಬೇಕಿತ್ತು. ಈಗ ನಡಿ. ಸೂಟು ಹಾಕ್ಕೋ."

"ಆಗಲ್ಲ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ ಅಪ್ಪ."

ಟಾರ್ಪೆಡೊ ಗೋಡೆಯ ಗೂಟದಿಂದ ಡೈವಿಂಗ್ ಸೂಟು ಕಿತ್ತುಕೊಂಡು ತಾನೇ ಕಾಲು ತೂರಿಸಿದ. ಎರಡೂ ಕಾಲು ಹೋದವು. ಹೊಟ್ಟೆ ಮಾತ್ರ ಹೋಗಲಿಲ್ಲ. ಜಿಪ್ಪು ಹೊಕ್ಕುಳಿನವರೆಗೆ ಬಂದು, ಇನ್ನು ನನ್ನಿಂದಾಗದು ಎಂದು ನಿಂತುಬಿಟ್ಟಿತು. ಅರ್ಧ ಸೀಲ್ ಪ್ರಾಣಿ, ಅರ್ಧ ಮುದುಕನಾಗಿ ನಿಂತೇ ಅವನು ಹೆಂಡತಿಗೆ ಫೋನ್ ಮಾಡಿದ. ಮಕ್ಕಳ ಮೇಲಿನ ದೂರುಗಳೆಲ್ಲ ಹೋಗುತ್ತಿದ್ದುದು ಆ ಒಂದೇ ಕೋರ್ಟಿಗೆ. ಒಂದು ಕಿವಿ ಮಂದವಾದ ಮೇಲೆ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ.

"ನಿನ್ನ ಮಗ ಏನ್ ಮಾಡಿದಾನೆ ಗೊತ್ತೇನೇ?"

"ಓಹೋ, ಬಹುಮಾನ ತಂದ್ರೆ ನಿಮ್ಮ ಮಗ, ಬೈಸ್ಕೊಂಡ್ರೆ ನನ್ನ ಮಗನಾ? ಏನ್ ಮಾಡ್ದ?"

ಹೇಳಿದ. ಆ ಕಡೆ ಕುಕ್ಕರಿನ ಸದ್ದು ನಿಂತಿತು. ಆಮೇಲೆ ಅವಳು ಮೆಲ್ಲಗೆ ಹೇಳಿದಳು: "ಅವನಿಗೆ ನೀರಲ್ಲಿ ಉಸಿರು ಕಟ್ಟುತ್ತೆ ರೀ. ಮೂರು ವರ್ಷ ಆಯ್ತು. ಕೆಳಗೆ ಹೋದ್ರೆ ಎದೆ ಹಿಡ್ಕೊಳ್ಳುತ್ತೆ, ಕೈಕಾಲು ನಡುಗುತ್ತೆ. ಅದಕ್ಕೇ ಡೈವರ್‌ನ ಇಟ್ಕೊಂಡಿದ್ದು. ಬಂದರಿಗೆಲ್ಲ ಗೊತ್ತು. ಗೊತ್ತಿಲ್ಲದೇ ಇರೋರು ನೀವೊಬ್ಬರೇ."

"ನನಗ್ಯಾಕೆ ಹೇಳಿಲ್ಲ?"

"ಹೇಳಿದ್ರೆ ಏನಂತಿದ್ರಿ?"

ಏನನ್ನುತ್ತಿದ್ದೆ ಎಂಬುದು ಟಾರ್ಪೆಡೊನಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ಜೆಟ್ಟಿಯ ಮೇಲೆ ಸೊಂಟಕ್ಕೆ ಕೈಯಿಟ್ಟು, ನಾಲ್ಕು ಜನ ನಗುವಂತೆ ಹೇಳುತ್ತಿದ್ದ.

"ಸ್ಪೀಕರ್ ಹಾಕಿದೀರಲ್ಲ? ಅವನೂ ಕೇಳ್ಲಿ. ಸುಳ್ಳು ಸೀಲು ಹೊಡೆದಿದ್ದಕ್ಕೆ ಅವನಿಗೆ ಇವತ್ತು ಊಟ ಇಲ್ಲ. ಬಾಯಿ ಬಿಡೋಕೆ ಬಿಡದೇ ಇದ್ದಿದ್ದಕ್ಕೆ ನಿಮಗೂ ಇಲ್ಲ." ಫೋನು ಕಟ್ಟಾಯಿತು.

ಸಿಟ್ಟಿಗೆ ಈಗ ಎರಡು ಗುರಿಗಳಾದವು, ಒಂದು ಎದುರಿಗೆ ನಿಂತಿತ್ತು, ಇನ್ನೊಂದು ಅರ್ಧ ಸೂಟಿನೊಳಗೆ. ನೇರ ಹೋಗಿ ಗುದ್ದುವವನಿಗೆ ಇದು ರೂಢಿಯಿಲ್ಲದ ಕೆಲಸ. ಲಾಂಚಿನ ಮಾಲೀಕನಿಗೆ ಮೂರು ಸಲ ಫೋನ್ ಮಾಡಿದ. ಎತ್ತಲಿಲ್ಲ. ಬಂದರಿನಲ್ಲಿ ತಳ ನೋಡಬಲ್ಲವನು ಇನ್ನೊಬ್ಬನೇ ಇದ್ದ, ಅವನ ಹೆಸರು ಬಾತು.

ಬಾತು ಒಂದು ಕಾಲದಲ್ಲಿ ಇದೇ ಅಂಗಡಿಯ ಡೈವರ್. ಇಪ್ಪತ್ತೆರಡು ವರ್ಷದ ಹಿಂದೆ ಒಮ್ಮೆ ಎರಡೇ ಬಟ್ಟಲು ತುಂಬಿಸಿಕೊಂಡು ಬಂದ. ಟಾರ್ಪೆಡೊ ಮೂರನೆಯ ಖಾಲಿ ಬಟ್ಟಲನ್ನು ಅವನ ತಲೆಗೆ ಟೋಪಿಯಂತೆ ಕವುಚಿ, ಬೀದಿಯುದ್ದಕ್ಕೂ ನಡೆಸಿ, ಕೆಲಸದಿಂದ ಓಡಿಸಿದ್ದ. ಬಾತು ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಸ್ವಂತ ಅಂಗಡಿ ತೆರೆದ. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ಚಪ್ಪಲಿ.

ಸೂಟು ಕಳಚಿ ಟಾರ್ಪೆಡೊ ಆ ಅಂಗಡಿಯ ಮೆಟ್ಟಿಲು ಹತ್ತಿದ. ಹಿಂದೆ ಮಗ. ಟೀ ಕುಡಿಯುತ್ತಿದ್ದ ಬಾತು ಲೋಟ ಕೆಳಗಿಟ್ಟು, ಕುರ್ಚಿ ಹಿಂದೆ ಸರಿಸಿ, ನಿಧಾನಕ್ಕೆ ಎದ್ದು ನಿಂತ.

"ಅಣ್ಣಾ, ಇಪ್ಪತ್ತೆರಡು ವರ್ಷದಿಂದ ಈ ಸೀನಿಗೆ ಕಾಯ್ತಿದೀನಿ. ನೀವು ಬಾಗಿಲಿಗೆ ಬರ್ತೀರ, ನಾನು ಬೆನ್ನು ಹಾಕಿ ನಿಂತಿರ್ತೀನಿ, ಮೆಲ್ಲಗೆ ತಿರುಗಿ ಒಂದು ಡೈಲಾಗ್ ಹೊಡೀತೀನಿ. ಕನ್ನಡಿ ಮುಂದೆ ಎಷ್ಟು ಪ್ರಾಕ್ಟೀಸ್ ಮಾಡಿದೀನಿ ಗೊತ್ತಾ? ಈಗ ನೋಡಿ, ಒಂದಕ್ಷರ ನೆನಪಿಗೆ ಬರ್ತಿಲ್ಲ."

"ನೆನಪಾದಾಗ ಹೊಡಿ. ಈಗ ಸೂಟು ಹಾಕ್ಕೊಂಡು ನಡಿ. ನನ್ನ ಅಂಗಡಿಯಿಂದ ಸುಳ್ಳು ಸರ್ಟಿಫಿಕೇಟ್ ಹೋಗಿದೆ. ದೊಡ್ಡ ಲಾಂಚಿಗೆ."

"ಇದು ಕೇಳ್ಕೊಳ್ಳೋ ರೀತಿನಾ ಅಣ್ಣ?"

ಟಾರ್ಪೆಡೊ ಹಲ್ಲು ಕಡಿದ. "ದಯವಿಟ್ಟು" ಎಂಬ ಮಾತು ಮರದಿಂದ ಮೊಳೆ ಕೀಳುವ ಸದ್ದಿನೊಂದಿಗೆ ಹೊರಬಂತು.

ಬಾತು ನಗಬೇಕಿತ್ತು. ನಗುವಿಗೆ ಬೇಕಾದ್ದೆಲ್ಲ ತಯಾರಿತ್ತು. ಆದರೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಮಗನನ್ನು ನೋಡಿ ಅದು ಅರ್ಧಕ್ಕೇ ನಿಂತಿತು. "ಹೊಸ ಸರ್ಟಿಫಿಕೇಟ್ ನನ್ನ ಅಂಗಡಿಯದು. ಇನ್ನು ಮುಂದೆ ಆ ಲಾಂಚಿನ ಕೆಲಸ ನನಗೆ. ಮತ್ತೆ ಹಗ್ಗ ನೀವೇ ಹಿಡೀಬೇಕು. ಪ್ರೀತಿಗಲ್ಲ. ಹಟಕ್ಕಾದ್ರೂ ನೀವು ಕೈ ಬಿಡಲ್ಲ ಅಂತ."

"ಆಯ್ತು. ನಡಿ."

ಪಂಪು, ಸೂಟು, ಹಗ್ಗ ಎಲ್ಲ ವ್ಯಾನಿಗೇರಿಸಿ ಜೆಟ್ಟಿಗೆ ಬಂದಾಗ ಹತ್ತೂಮುಕ್ಕಾಲು. ಲಾಂಚು ತುಂಬಿತ್ತು. ಹತ್ತಿಳಿಯುವ ಹಲಗೆಯ ಬಳಿ ಮಾಲೀಕ ಬಿಳಿ ಶರ್ಟಿನಲ್ಲಿ ನಿಂತಿದ್ದ, ಎತ್ತದ ಫೋನು ಕೈಯಲ್ಲೇ. "ಏನಂಕಲ್, ಟೂರ್ ಹೊರಟ್ರಾ?" ಎಂದು ಅವನು ಹಲ್ಲು ಕಿರಿಯುವಷ್ಟರಲ್ಲಿ ಟಾರ್ಪೆಡೊ ಟಿಕೆಟ್ ಕಿಟಕಿಯ ಮೇಲೆ ಅಂಟಿಸಿದ್ದ ಸರ್ಟಿಫಿಕೇಟನ್ನು ಕಿತ್ತು ನಾಲ್ಕು ಚೂರು ಮಾಡಿದ.

"ಎಲ್ರೂ ಇಳೀರಿ!" ಹಡಗಿನ ಎಂಜಿನ್ನನ್ನು ಮೀರಿಸಿ ಕೂಗಿ ಪಳಗಿದ ಗಂಟಲು ಅದು. "ಈ ಲಾಂಚಿನ ತಳ ಯಾರೂ ನೋಡಿಲ್ಲ. ನೋಡಿದೀವಿ ಅಂತ ಬರೆದಿದ್ದು ನನ್ನ ಹೆಸರಲ್ಲಿ. ಅದು ಸುಳ್ಳು."

"ಯಜಮಾನರಿಗೆ ಬಿಸಿಲು ತಲೆಗೇರಿದೆ, ಯಾರೂ ಏಳ್ಬೇಡಿ," ಎಂದ ಮಾಲೀಕ.

"ತಾತಾ, ಇಂಟರ್‌ವಲ್ ಎಷ್ಟೊತ್ತು?" ಮೇಲಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಯಾರೂ ಏಳಲಿಲ್ಲ. ಟಾರ್ಪೆಡೊನ ಕತ್ತಿನ ನರ ಉಬ್ಬಿತು. ಇನ್ನೂರು ಜನರನ್ನು ಒಬ್ಬೊಬ್ಬರಾಗಿ ಹೊತ್ತು ಇಳಿಸಲು ಅವನು ಹಲಗೆಯ ಮೇಲೆ ಕಾಲಿಟ್ಟೇಬಿಟ್ಟ.

ಆಗ ಪಕ್ಕದಿಂದ ಮಗ ಮುಂದೆ ಬಂದ.

"ಸಹಿ ನಂದು," ಎಂದ. ದನಿ ಕೊನೆಯ ಸಾಲಿನವರೆಗೆ ಕೇಳಿಸಿತು. "ನಾನೇ ಹಾಕಿದ್ದು. ನೀರಿಗೆ ಇಳಿದಿರ್ಲಿಲ್ಲ. ನನಗೆ ಭಯ. ದಯವಿಟ್ಟು ಇಳೀರಿ."

ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಮಗಳ ಕೈ ಹಿಡಿದು ಎದ್ದಳು. ಅವಳ ಹಿಂದೆ ಇನ್ನೊಬ್ಬರು, ಆಮೇಲೆ ಗೊಣಗುತ್ತಾ, ಶಪಿಸುತ್ತಾ ಎಲ್ಲರೂ.

ಬಾತು ಮುಳುಗಿದ. ಟಾರ್ಪೆಡೊ ಹಗ್ಗ ಹಿಡಿದು ಕೂತ. ಒಂದು ಎಳೆತ ಅಂದರೆ ಕ್ಷೇಮ, ನಾಲ್ಕು ಅಂದರೆ ಮೇಲೆತ್ತು. ಮುಕ್ಕಾಲು ಗಂಟೆ ಒಂದೊಂದೇ ಎಳೆತ ಬಂತು. ಬಂದದ್ದಕ್ಕೆಲ್ಲ ಇವನೂ ಒಂದು ಎಳೆದು ಉತ್ತರ ಕೊಟ್ಟ. ಬೆನ್ನ ಹಿಂದೆ ಬೀಳುತ್ತಿದ್ದ ಬೈಗುಳಗಳಿಗೆ ತಿರುಗಿ ಕೊಡಲು ಬಾಯಿ ತುರಿಸುತ್ತಿತ್ತು, ಆದರೆ ಹಗ್ಗದಿಂದ ಕಣ್ಣು ತೆಗೆಯುವಂತಿರಲಿಲ್ಲ. ಕೊನೆಗೆ ಬಾತು ಮೇಲೆ ಬಂದು ಬಟ್ಟಲುಗಳನ್ನು ಸಾಲಾಗಿ ಇಟ್ಟ. ಮೂರರಲ್ಲೂ ಕೆಂಪು ಹಕ್ಕಳೆ. ಬಿರುಕಿಲ್ಲ, ತೂತಿಲ್ಲ, ತಳ ಗಟ್ಟಿ.

"ನೋಡಿದ್ರಾ ಅಂಕಲ್, ಎಲ್ಲ ಸರಿಯಾಗೇ ಇತ್ತು! ಸುಮ್ನೆ ಸಿನಿಮಾ ತೋರಿಸಿದ್ರಿ," ಎಂದ ಮಾಲೀಕ.

"ಸರಿ ಇದ್ದಿದ್ದು ನಿನ್ನ ಅದೃಷ್ಟ. ನನ್ನ ಸರ್ಟಿಫಿಕೇಟಲ್ಲಿ ಅದೃಷ್ಟಕ್ಕೆ ಕಾಲಂ ಇಲ್ಲ."

"ನಿಮ್ಮ ಸರ್ಟಿಫಿಕೇಟೇ ಇನ್ನು ನನಗೆ ಬೇಡ ಬಿಡಿ. ಈ ಜೆಟ್ಟೀಲಿ ಯಾರಿಗೂ ಬೇಡ, ನೋಡ್ತಿರಿ."

ಬಾತುವಿನ ಕಾಗದ ಅಂಟಿಸಿಕೊಂಡು ಹನ್ನೆರಡೂಕಾಲಿಗೆ ಲಾಂಚು ಹೊರಟಿತು. ಮೇಲಿನಿಂದ ಯಾರೋ ಟಾರ್ಪೆಡೊನಿಗೆ ಸಿಳ್ಳೆ ಹೊಡೆದು ಗೇಲಿ ಮಾಡಿದರು.

ವ್ಯಾನಿನಲ್ಲಿ ಮನೆಗೆ ಹೊರಟಾಗ ಅರ್ಧ ದಾರಿಯಲ್ಲಿ ಮಗನೇ ಬಾಯಿಬಿಟ್ಟ. "ಬೈದುಬಿಡಿ ಅಪ್ಪ. ಹೀಗೆ ಸುಮ್ಮನೆ ಕೂತ್ರೆ ಇನ್ನೂ ಹೆದರಿಕೆ ಆಗುತ್ತೆ."

ಬೇರೆ ಯಾವ ಅಪ್ಪನಾದರೂ ಇಲ್ಲಿ, ನನಗೂ ಒಮ್ಮೆ ಹೀಗೇ ಆಗಿತ್ತು ಎಂದು ಸಮಾಧಾನ ಹೇಳುತ್ತಿದ್ದ. ಟಾರ್ಪೆಡೊ ತನ್ನ ಆಯುಸ್ಸನ್ನೆಲ್ಲ ಹುಡುಕಿದ. ಒಂದು ಸಲ ಯುದ್ಧಹಡಗಿನ ಫ್ಯಾನಿಗೆ ಸುತ್ತಿದ ಹಗ್ಗದಲ್ಲಿ ಅವನ ಕಾಲು ಸಿಕ್ಕಿ, ಕತ್ತಲಲ್ಲಿ ಅರ್ಧ ಗಂಟೆ ಒದ್ದಾಡಿದ್ದ. ಆಗಲೂ ಬಂದದ್ದು ಸಿಟ್ಟೇ, ಆ ಹಗ್ಗದ ಮೇಲೆ. ಆಗದೇ ಇದ್ದದ್ದನ್ನು ಆಗಿತ್ತು ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ನನಗೆ ನೀರಲ್ಲಿ ಯಾವತ್ತೂ ಭಯ ಆಗಿಲ್ಲ ಕಣೋ."

"ಗೊತ್ತು."

"ಅದಕ್ಕೇ ನನಗೆ ತಿಳೀಲಿಲ್ಲ. ಹೇಗಿರುತ್ತೆ ಅದು?"

"ಯಾವುದು?"

"ಭಯ! ಎಲ್ಲಿಂದ ಶುರುವಾಗುತ್ತೆ? ಎದೆಯಿಂದಾನಾ, ಕಾಲಿಂದಾನಾ? ಹೇಳೋ. ಹೇಳೋಕೇನು ಧಾಡಿ ನಿನಗೆ?"

ಮಗ ವ್ಯಾನನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. "ಹೇಳ್ತೀನಿ. ಆದ್ರೆ ಬೈಬಾರ್ದು."

"ಬೈತೀನಿ. ನೀನು ಹೇಳ್ತಾ ಇರು."

"ಮೊದಲು ಬೆರಳಿಂದ," ಎಂದು ಮಗ ಸ್ಟೀರಿಂಗ್ ನೋಡುತ್ತಾ ಶುರು ಮಾಡಿದ. "ಬೆರಳು ನಂದಲ್ಲ ಅನ್ಸುತ್ತೆ. ಆಮೇಲೆ..."

"ಎಂಜಿನ್ ಆಫ್ ಮಾಡೋ ಮುಠ್ಠಾಳ, ಒಂದೂ ಕೇಳ್ತಿಲ್ಲ," ಎಂದು ಗದರಿದ ಟಾರ್ಪೆಡೊ, ಸರಿಯಿರುವ ಕಿವಿಯನ್ನು ಮಗನ ಕಡೆಗೆ ತಂದು.

ಮಗ ಕೀಲಿ ತಿರುಗಿಸಿದ.