ಬೇರೆಯವನ ಅಂಗಿ

ಮೀನಿಗೆ ಹೋದ ದೋಣಿ ಮಹ್ದಿಯಾ ಊರಿನ ದಡಕ್ಕೆ ವಾಪಸು ಬಂತು. ಲಮ್ಜೆದ್ ಬರಲಿಲ್ಲ. ಅಂದಿನಿಂದ ಅವನ ತಾಯಿ ಶೆದ್ಲಿಯಾ ಪ್ರತಿ ಸಂಜೆ ಮಾಳಿಗೆ ಹತ್ತಿ, ಮಗನ ನೀಲಿ ಗೀಟಿನ ಹತ್ತಿ ಅಂಗಿಯನ್ನು ಸಮುದ್ರಕ್ಕೆ ಎದುರಾಗಿ ತೂಗುಹಾಕತೊಡಗಿದಳು. ಅವಳ ತವರಿನ ಕಡೆ ಹಾಗೆ ಮಾಡುತ್ತಿದ್ದರಂತೆ. ನೀರಿನಲ್ಲಿ ದಾರಿ ತಪ್ಪಿದವನು ತನ್ನ ಅಂಗಿ ಕಂಡು ಮನೆಯ ಗುರುತು ಹಿಡಿಯುತ್ತಾನೆ. ಬದುಕಿದ್ದರೆ ನಡೆದು ಬರುತ್ತಾನೆ. ಇಲ್ಲದಿದ್ದರೆ ಮಣ್ಣು ಮಾಡಲು ದೇಹವಾದರೂ ಸಿಗುತ್ತದೆ.

ಸೊಸೆ ಬೇಯಾಳಿಗೆ ಗಂಡನ ಆ ಅಂಗಿಯನ್ನು ನೋಡಲಾಗುತ್ತಿರಲಿಲ್ಲ. ಗಾಳಿ ತುಂಬಿಕೊಂಡಾಗ ಅದಕ್ಕೆ ಎದೆ ಬರುತ್ತಿತ್ತು.

ಹಳೆ ಬಟ್ಟೆಯ ಸಂತೆಯಿಂದ ಗಂಡಸರ ಅಂಗಿ ತಂದು ಹೆಂಗಸರ ಅಲಂಕಾರದ ಸಾಮಾನು ಮಾಡುವುದು ಅವಳ ಕಸುಬು. ತೋಳಿನ ತುದಿಯ ಪಟ್ಟಿಯನ್ನು ಗುಂಡಿಯ ಸಮೇತ ಕತ್ತರಿಸಿ ಕಸೂತಿ ಹಾಕಿದರೆ ಬಳೆ. ಕಾಲರಿಗೆ ಮಣಿ ಪೋಣಿಸಿದರೆ ಕೊರಳಪಟ್ಟಿ. ಜೇಬಿರುವ ಎದೆಭಾಗ ಚೀಲವಾಗುತ್ತದೆ. ತೋಳನ್ನು ಉದ್ದುದ್ದ ಹರಿದು ಜಡೆಯ ಹಾಗೆ ಹೆಣೆದರೆ ತಲೆಪಟ್ಟಿ.

ಒಂದು ಬೆಳಿಗ್ಗೆ ಸಂತೆಯ ರಾಶಿಯಲ್ಲಿ ಅಂಥದೇ ನೀಲಿ ಗೀಟಿನ ಅಂಗಿ ಸಿಕ್ಕಿತು. ಯಾರದೋ, ಯಾವ ದೇಶದ್ದೋ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಬೇಯಾ ಅದನ್ನು ಅತ್ತೆಯ ಪೆಟ್ಟಿಗೆಯಲ್ಲಿಟ್ಟು, ಲಮ್ಜೆದ್‌ನ ಅಂಗಿಯನ್ನು ತೆಗೆದು ಕತ್ತರಿಸಿದಳು. ಕತ್ತರಿ ಎಲ್ಲೂ ತಡೆಯಲಿಲ್ಲ. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅದರಿಂದ ಮಾಡಿದ್ದೆಲ್ಲ ಬೀದಿಯಲ್ಲೇ ಮಾರಿಹೋಯಿತು.

ಆಮೇಲೊಂದು ದಿನ ಎದುರು ಮನೆಯ ದೂಜಾ ಬಂದು ಕೂತಳು. ಅವಳ ಮಣಿಕಟ್ಟಿನಲ್ಲಿ ನೀಲಿ ಗೀಟಿನ ಬಳೆಯಿತ್ತು.

“ಲೇ ಬೇಯಾ, ನಿನ್ನ ಬಳೆ ಹಾಕ್ಕೊಂಡ ಮೇಲೆ ನನಗೂ ಒಬ್ಬ ಗಂಟುಬಿದ್ದಿದಾನೆ ಕಣೇ.”

“ಯಾರು?”

“ಮುಖ ತೋರಿಸಿದ್ರೆ ತಾನೆ? ಸಂಜೆ ಆಜಾನ್ ಆಗ್ತಿದ್ದ ಹಾಗೆ ಬಾಗಿಲು ಬಡೀತಾನೆ. ತೆಗೆದ್ರೆ ಯಾರೂ ಇರಲ್ಲ, ಹೊಸ್ತಿಲೆಲ್ಲ ನೀರು. ನಮ್ಮ ಯಜಮಾನ್ರಿಗೆ ಹೇಳಿದ್ರೆ, ನಿನ್ನನ್ನ ಹುಡುಕ್ಕೊಂಡು ಬರೋ ಧೈರ್ಯ ಇರೋನು ಮನುಷ್ಯನಂತೂ ಅಲ್ಲ ಬಿಡು ಅಂತಾರೆ.” ದೂಜಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಆ ನೀರನ್ನ ನಾಲಿಗೆಗೆ ಹಚ್ಚಿ ನೋಡ್ದೆ. ಉಪ್ಪು.”

“ಹೇಗೆ ಬಡೀತಾನೆ?”

“ಅಂಗೈಯಿಂದ. ಒಂದು ಸಲ ಬಡಿದು, ಆಮೇಲೆ ಬಾಗಿಲನ್ನ ಸವರಿದ ಹಾಗೆ.”

ಲಮ್ಜೆದ್ ಹಾಗೇ ಬಡಿಯುತ್ತಿದ್ದ.

ಚೀಲ ಕೊಂಡ ಔಷಧಿ ಅಂಗಡಿಯವನ ಹೆಂಡತಿಯೂ ಅದನ್ನೇ ಹೇಳಿದಳು. ಕೊರಳಪಟ್ಟಿ ಕೊಂಡ ಟೀಚರೂ ಅದನ್ನೇ ಹೇಳಿದಳು. ಬೇಯಾಳಿಗೆ ಅರ್ಥವಾಯಿತು. ಅವನು ಊರಿಗೆ ಬಂದಿದ್ದ. ಮನೆ ಸಿಗುತ್ತಿರಲಿಲ್ಲ.

ಮಾರಿದ್ದನ್ನೆಲ್ಲ ಅವಳು ಬಾಗಿಲು ಬಾಗಿಲಿಗೆ ಹೋಗಿ ವಾಪಸು ಕೇಳಿದಳು. “ಇದ್ಯಾವೂರ ವ್ಯಾಪಾರನಮ್ಮಾ? ನಾಳೆ ನನ್ನ ಮುಸುಕೂ ಕೇಳ್ತೀಯೇನು?” ಎಂದು ಔಷಧಿ ಅಂಗಡಿಯವನ ಹೆಂಡತಿ ಗೊಣಗುತ್ತಲೇ ಕೊಟ್ಟಳು. ದೂಜಾ ತನ್ನ ಬಳೆಯನ್ನು ಕೈಗೆ ಕೊಡದೆ ನೆಲದ ಮೇಲಿಟ್ಟು ಸರಿದಳು. ಒಂದು ತೋಳು ಮಾತ್ರ ಸಿಗಲಿಲ್ಲ. ಅದು ತಲೆಪಟ್ಟಿಯಾಗಿ, ಮದುವೆಯಾದ ಬೀದಿಯ ಹುಡುಗಿ ಎಮ್ನಾಳ ಜೊತೆ ಸ್ಫಾಕ್ಸ್ ಊರಿಗೆ ಹೋಗಿತ್ತು. ಉಳಿದದ್ದನ್ನು ಬೇಯಾ ಬಿಚ್ಚಿ, ತುಂಡಿಗೆ ತುಂಡು ಕೂಡಿಸಿ ಹೊಲಿದಳು.

ಸಂಜೆ ಅಂಗಿಯನ್ನು ಎತ್ತಿಕೊಂಡು ಮಾಳಿಗೆ ಹತ್ತಿದರೆ ಅತ್ತೆ ಆಗಲೇ ಅಲ್ಲಿದ್ದಳು. ತಂತಿಯ ಮೇಲಿದ್ದ ಅಂಗಿಯನ್ನು ಎರಡೂ ಕೈಯಿಂದ ತಡವುತ್ತಿದ್ದಳು.

“ಇದರ ಗುಂಡಿ ನೀನು ಹಾಕಿದ್ಯಾ?”

“ಇಲ್ಲ ಅತ್ತೆ.”

“ನಾನು ಬಿಚ್ಚೇ ತೂಗುಹಾಕೋದು. ಈಗಷ್ಟೇ ಹಾಕಿ ಆ ಮೂಲೆಗೆ ಹೋಗಿ ಬಂದೆ. ಕೆಳಗಿಂದ ಕೊರಳ ತನಕ ಯಾರೋ ಹಾಕಿದಾರೆ. ನನ್ನ ಮಗ ಜನ್ಮದಲ್ಲಿ ಕೊರಳ ಗುಂಡಿ ಹಾಕ್ದೋನಲ್ಲ.”

ಬೇಯಾ ಎಲ್ಲವನ್ನೂ ಹೇಳಿದಳು. ಮುದುಕಿ ಬೈಯಲಿಲ್ಲ. ಅಂಗಿಯಿಂದ ಕೈ ತೆಗೆದಳು.

“ಹಾಗಾದ್ರೆ ಇಷ್ಟು ದಿನ ನಾನು ಕರೆದಿದ್ದು ಯಾರನ್ನೇ?”

ಮಸೀದಿಯಲ್ಲಿ ಆಜಾನ್ ಶುರುವಾಯಿತು. ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒದ್ದೆ ಹೆಜ್ಜೆ, ಪ್ರತಿ ಮೆಟ್ಟಿಲಲ್ಲೂ ನಿಂತು ಬರುತ್ತಿತ್ತು. ಮಾಳಿಗೆಯ ಬಾಗಿಲ ಹಿಂದೆ ಬಂದು ನಿಂತಿತು. ಬಡಿಯಲಿಲ್ಲ. ಮನೆ ತನ್ನದಲ್ಲವೆಂದು ಗೊತ್ತಿದ್ದವರು ನಿಲ್ಲುವ ಹಾಗೆ ನಿಂತಿತು.

“ಅವನದ್ದು ಅವನಿಗೆ ಕೊಟ್ಟುಬಿಡು,” ಎಂದಳು ಶೆದ್ಲಿಯಾ. “ಯಾವ ತಾಯಿ ಮಗನೋ. ಕರೆದೋರು ನಾವೇ ತಾನೆ.”

ಬೇಯಾ ಬಾಗಿಲನ್ನು ಅಂಗೈಯಗಲ ತೆರೆದು, ಮುಖ ತಿರುಗಿಸಿಕೊಂಡು, ಸಂತೆಯ ಅಂಗಿಯನ್ನು ಚಾಚಿದಳು. ಅತ್ತ ಕಡೆಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡರು. ಬೆರಳು ತಾಕಿತು. ತಣ್ಣಗಿತ್ತು. ತೀರಾ ಎಳೆಯ ಕೈ. ಹೆಜ್ಜೆಗಳು ಇಳಿದುಹೋದವು.

ಹೊಲಿದ ಅಂಗಿಯನ್ನು ಅವಳು ತಂತಿಗೆ ಹಾಕಿದಳು. ಬೀದಿಯ ಆಚೆ ಯಾರೋ ಅಂಗೈಯಿಂದ ದೂಜಾಳ ಬಾಗಿಲು ಬಡಿದು, ಸವರಿ, ಸುಮ್ಮನಾದರು. ಆಮೇಲೆ ಹೆಜ್ಜೆಗಳು ಈ ಕಡೆಗೆ ಬಂದವು. ಬೀದಿಯ ನಡುವೆ ನಿಂತವು.

“ಯಾಕೆ ನಿಂತ?”

“ಒಂದು ತೋಳು ಊರಲ್ಲಿಲ್ಲ, ಅತ್ತೆ.”

“ಹಾಗಾದ್ರೆ ನೀನು ಕರಿ. ನಾನು ದಿನಾ ಕರೀತೀನಿ. ನೀನು ಒಂದ್ಸಲಾನೂ ಕರೆದಿಲ್ಲ.”

ಬೇಯಾ ಗೋಡೆಯಂಚಿಗೆ ಬಂದು ಬಗ್ಗಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಕಲ್ಲುಹಾಸು ಒಂದೆಡೆ ಮಾತ್ರ ಒದ್ದೆಯಾಗಿ, ಒದ್ದೆ ಹರಡುತ್ತಿತ್ತು. ಕರೆದರೆ ಬರುತ್ತಾನೆ. ಬಂದರೆ ಸತ್ತಿರುತ್ತಾನೆ. ಕರೆಯದಿದ್ದರೆ ಎರಡೂ ಇಲ್ಲ. ನಾಳೆಯೂ ಅಂಗಿ, ನಾಳೆಯೂ ಬಾಗಿಲು.

“ಲಮ್ಜೆದ್,” ಎಂದಳು. “ಇಲ್ಲಿ. ಈ ಕಡೆ.”

ಬೆಳಿಗ್ಗೆ ದೀಪಸ್ತಂಭದ ಕೆಳಗಿನ ಬಂಡೆಗಳ ನಡುವೆ ಇಬ್ಬರು ಸಿಕ್ಕರು. ಒಬ್ಬ ಲಮ್ಜೆದ್. ಇನ್ನೊಬ್ಬ ಮೀಸೆ ಬಾರದ ಹುಡುಗ, ನೀಲಿ ಗೀಟಿನ ಅಂಗಿ ತೊಟ್ಟಿದ್ದ. ಅವನ ಗುರುತು ಊರಲ್ಲಿ ಯಾರಿಗೂ ಇರಲಿಲ್ಲ. ಸಮುದ್ರದ ಪಕ್ಕದ ಸ್ಮಶಾನದಲ್ಲಿ ಗೋರಿ ತೋಡುವವನು ಬೇಯಾಳನ್ನು ಕೇಳಿದ:

“ಇವರು ನಿಮ್ಮ ಗಂಡ, ಸರಿ ತಾಯಿ. ಈ ಹುಡುಗ ನಿಮಗೇನಾಗ್ಬೇಕು?”

ಅವಳು ಕಣ್ಣೊರೆಸಿಕೊಂಡಳು.

“ನಮ್ಮನೆಗೆ ಬಂದವನು,” ಎಂದಳು. “ಪಕ್ಕದಲ್ಲೇ ತೋಡಿ.”