ಏಳನೆಯ ಗುಹೆಯ ಬಾವಲಿಗಳು

ಎರಡು ಫ್ರೇಮ್ ಅಂದರೆ ಸೆಕೆಂಡಿನ ಮೂವತ್ತರಲ್ಲೊಂದು ಪಾಲು. ಅಷ್ಟರಲ್ಲಿ ಮನುಷ್ಯ ನೆಟ್ಟಗೆ ರೆಪ್ಪೆ ಕೂಡ ಬಡಿಯಲಾರ. ಅಷ್ಟನ್ನು ಉಳಿಸಿದ ಸಂತೋಷಕ್ಕೆ ಕಿಮ್ಮೊ ಆ ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬನೇ ಕುಣಿದ.

ಮೂವತ್ತೈದು ವರ್ಷ ಹಳೆಯ ಗಣಿಗಾರನ ಆಟವೊಂದನ್ನು ಅವನು ಐದು ವರ್ಷದಿಂದ ಕಂಪ್ಯೂಟರಿನಲ್ಲಿ ನಿಲ್ಲಿಸಿ ನಿಲ್ಲಿಸಿ ಆಡುತ್ತಿದ್ದ. ತೆರೆಯ ಒಂದೇ ಚಿತ್ರದಷ್ಟು, ಅಂದರೆ ಒಂದು ಫ್ರೇಮ್ ಮುಂದೆ, ಒಂದು ಗುಂಡಿ; ತಪ್ಪಿದರೆ ಹಿಂದೆ, ಬೇರೆ ಗುಂಡಿ. ಹೀಗೆ ಒತ್ತಿದ್ದನ್ನೆಲ್ಲ ಸಾಲಾಗಿ ಕೂಡಿಟ್ಟು ಓಡಿಸಿದರೆ, ಯಾರ ಕೈಗೂ ಆಗದ ವೇಗದಲ್ಲಿ ಗಣಿಗಾರ ಏಳು ಗುಹೆ ದಾಟಿ ಹೊರಬರುತ್ತಾನೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುವವರು ಅನ್ನಲಿ. ಅವನ ಊರಾದ ಫಿನ್ಲೆಂಡಿನ ಕುವೊಪಿಯೊದ ಬೇರೆ ಗಂಡಸರು ಸರೋವರದ ಮಂಜುಗಡ್ಡೆಗೆ ತೂತು ಕೊರೆದು ದಿನವಿಡೀ ಒಂದು ಮೀನಿಗೆ ಕಾಯುತ್ತಾರೆ, ಅವರನ್ನು ಯಾರೂ ಹುಚ್ಚರು ಅನ್ನುವುದಿಲ್ಲ.

ಮೊದಲ ಆರು ಗುಹೆ ಕಿಮ್ಮೊನದು. ಏಳನೆಯದು ಮಾತ್ರ ಅವನ ಗೆಳೆಯ ಸಾಂಪ್ಸನದು. ನರಗಳ ಕಾಯಿಲೆ ಬಂದು ಮೈಯೆಲ್ಲ ಸೋಲುತ್ತಿದ್ದಾಗ, ಎಡಗೈಯಲ್ಲಿ ಉಳಿದ ಒಂದೇ ಒಂದು ಬೆರಳಿನಿಂದ ಎರಡು ಚಳಿಗಾಲ ಕೂತು ಅವನು ಆ ಗುಹೆ ಮುಗಿಸಿದ್ದ. ಮುಗಿದ ಮೇಲೆ ಆ ಬೆರಳೂ ಹೋಯಿತು. ಈಗ ಅವನು ತೆರೆಯ ಮೇಲಿನ ಅಕ್ಷರಗಳನ್ನು ಕಣ್ಣಲ್ಲಿ ನೋಡಿ ನೋಡಿ ಮಾತು ಜೋಡಿಸುತ್ತಾನೆ, ಯಂತ್ರ ಅದನ್ನು ಓದಿ ಹೇಳುತ್ತದೆ. ಬರುವ ವಾರ ಗಣಿಗಾರನ ಈ ಏಳು ಗುಹೆಯ ಓಟವನ್ನು ಲೋಕಕ್ಕೆ ಬಿಡುವುದಿತ್ತು, ಇಬ್ಬರ ಹೆಸರಿನಲ್ಲಿ.

ಆಡಿ ಮುಗಿದದ್ದನ್ನು ಕಡೆಯ ಸಲ ನೋಡುತ್ತಿದ್ದಾಗ ಮೂರನೆಯ ಗುಹೆಯ ಏಣಿಯ ಹತ್ತಿರ ಆ ಎರಡು ಫ್ರೇಮ್ ಸಿಕ್ಕಿದ್ದು. ಕುಣಿದು ಮುಗಿಸಿ ಕಿಮ್ಮೊ ನೇರವಾಗಿ, ಹೀಗೆ ಆಡುವವರು ಸೇರುವ ಅಂತರ್ಜಾಲದ ವೇದಿಕೆಯಲ್ಲಿ ಬರೆದು ಹಾಕಿದ. ಕಂಡದ್ದನ್ನು ಕಂಡ ಕೂಡಲೇ ಹಂಚುವುದು ಆ ಜನರ ರೂಢಿ. ಬಚ್ಚಿಟ್ಟವನನ್ನು ಅವರು ಕಳ್ಳನಿಗಿಂತ ಕಡೆಯಾಗಿ ಕಾಣುತ್ತಾರೆ.

ಆಮೇಲೆ ಉಳಿದ ಗುಹೆಗಳನ್ನು ಜೋಡಿಸಲು ಕೂತ. ಆರರವರೆಗೆ ಸಲೀಸಾಗಿ ಕೂತವು. ಏಳರಲ್ಲಿ ಹನ್ನೊಂದನೆಯ ಹೆಜ್ಜೆಗೆ ಬಾವಲಿಯೊಂದು ಗಣಿಗಾರನ ಮುಖಕ್ಕೆ ಬಡಿಯಿತು, ಅವನು ಸತ್ತ. ಗಣಿಗಾರ ಯಾವ ಫ್ರೇಮಿನಲ್ಲಿ ಒಳಗೆ ಹೋದ ಎನ್ನುವುದರ ಮೇಲೆ ಆ ಬಾವಲಿಗಳು ಹಾರುವ ದಾರಿ ನಿಂತಿತ್ತು. ಎರಡು ಫ್ರೇಮ್ ಮುಂಚೆ ಹೋದರೆ ಒಂದೂ ಹಳೆಯ ದಾರಿಯಲ್ಲಿ ಹಾರುವುದಿಲ್ಲ. ಸಾಂಪ್ಸ ಒತ್ತಿದ ಒಂದು ಗುಂಡಿಯೂ ಇನ್ನು ಕೆಲಸಕ್ಕೆ ಬರುವುದಿಲ್ಲ.

ಕಿಮ್ಮೊ ಕೂಡಲೇ ಬರೆದದ್ದನ್ನು ಅಳಿಸೋಣವೆಂದು ವೇದಿಕೆ ತೆರೆದ. ನಾರ್ವೆಯ ಬೆರ್ಗೆನ್ನಿನ ಹೆಂಗಸೊಬ್ಬಳು ಆಗಲೇ ಪರೀಕ್ಷಿಸಿ, ಸರಿಯಾಗಿದೆ, ಅಭಿನಂದನೆ ಎಂದು ಬರೆದಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಗೊತ್ತಿರುವ ಉಳಿತಾಯವನ್ನು ಬಿಟ್ಟ ಓಟವನ್ನು ಅಲ್ಲಿ ಯಾರೂ ಸ್ವೀಕರಿಸುವುದಿಲ್ಲ.

ಸಾಂಪ್ಸ ಓದುವ ಮೊದಲು ತಾನೇ ಹೇಳಬೇಕೆಂದು ಕಾರು ಓಡಿಸಿಕೊಂಡು ಅವನ ಮನೆಗೆ ಹೋದ. ಬಾಗಿಲು ತೆಗೆದ ಸಾಂಪ್ಸನ ಹೆಂಡತಿ ಹನ್ನೆಲೆಯ ಕಣ್ಣು ಕೆಂಪಾಗಿತ್ತು.

"ಓದಿದ್ದಾನೆ. ಒಂಬತ್ತು ಗಂಟೆಗೇ ಓದಿದ," ಎಂದಳು.

ಸಾಂಪ್ಸ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದ. ಕಣ್ಣು ತೆರೆಯ ಮೇಲೆ ಓಡಾಡಿತು. ಯಂತ್ರ ಹೇಳಿತು: "ಏಣಿ ಹತ್ರ ಐದು ವರ್ಷದಿಂದ ಏನ್ ಕತ್ತೆ ಕಾಯ್ತಿದ್ಯೇನೋ?"

"ಕಾಣ್ಲಿಲ್ಲ ಮಾರಾಯ," ಎಂದ ಕಿಮ್ಮೊ. "ಕೇಳಿಲ್ಲಿ. ಏಳನೇ ಗುಹೆ ಬಾಗಿಲಲ್ಲಿ ಎರಡು ಫ್ರೇಮ್ ಸುಮ್ನೆ ನಿಂತ್ಕೊಳ್ಳೋಣ. ಬಾವಲಿ ಎಲ್ಲ ನಿನ್ನ ದಾರಿಗೇ ಬರ್ತವೆ. ಅಲ್ಲಿ ತಗೊಳ್ದಿದ್ರೆ ಬೇಡ, ನಾವೇ ಎಲ್ಲಾದ್ರೂ ಹಾಕೋಣ."

ಬಹಳ ಹೊತ್ತು ಕಣ್ಣು ಓಡಾಡಿತು. ಯಂತ್ರದ ದನಿಗೆ ಸಿಟ್ಟು ಬರುವುದಿಲ್ಲ. ಸಾಂಪ್ಸನಿಗೆ ಬಂದಿತ್ತು.

"ನನಗೋಸ್ಕರ ನಿಧಾನ ಓಡ್ತೀಯಾ?"



ಕಾಫಿ ತಂದ ಹನ್ನೆಲೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಎರಡು ಚಳಿಗಾಲ ಇವನ ಕೈ ಉಜ್ಜಿ ಬೆಚ್ಚಗೆ ಮಾಡಿ ಗುಂಡಿ ಮೇಲೆ ಇಟ್ಟವಳು ನಾನು. ನಿಮ್ಮ ಆ ಎರಡು ಫ್ರೇಮಲ್ಲಿ ಏನಾಗತ್ತೆ ಹೇಳು ಕಿಮ್ಮೊ. ನೋಡೋರಿಗೆ ಕಾಣ್ಸತ್ತಾ?"

"ಇಲ್ಲ."

"ಕಾಣ್ಸಲ್ವಂತೆ," ಎಂದಳು ಗಂಡನಿಗೆ.

"ನನಗೆ ಕಾಣ್ಸತ್ತೆ," ಎಂದಿತು ಯಂತ್ರ. ಸ್ವಲ್ಪ ಬಿಟ್ಟು, "ಕತ್ತರಿಸು."

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿಮ್ಮೊ ತಂದಿದ್ದ ಲ್ಯಾಪ್‌ಟಾಪ್ ತೆರೆದು ಏಳನೆಯ ಗುಹೆಯನ್ನು ಮೊದಲಿಂದ ಕಡೆಯವರೆಗೆ ಗುರುತು ಮಾಡಿದ, ಮೂರು ಸಾವಿರದ ಎಂಟುನೂರು ಫ್ರೇಮ್. ಬೇರೆ ಕಡೆ ಒಂದು ಪ್ರತಿ ಇತ್ತು, ಆದರೂ ಬೆರಳು ಮುಂದೆ ಹೋಗಲೊಲ್ಲದು. ಸಾಂಪ್ಸ ಅವನನ್ನೇ ನೋಡುತ್ತಿದ್ದ. ಒತ್ತಿದ. ಆ ಜಾಗವೆಲ್ಲ ಖಾಲಿಯಾಯಿತು. ಓಟದಲ್ಲಿ ಸಾಂಪ್ಸನದು ಎನ್ನುವಂಥದ್ದು ಏನೂ ಉಳಿಯಲಿಲ್ಲ.

"ನೀನು ಕೂತ್ಕೋ. ನಾನ್ ಹೇಳ್ತೀನಿ, ನೀನು ಒತ್ತು," ಎಂದ ಸಾಂಪ್ಸ. "ನಿನ್ನ ಬುದ್ಧಿ ಓಡಿಸ್ಬೇಡ. ಅದು ಏಣಿಗೇ ಸಾಕು."

ಅವನು ಕಣ್ಣಿನಿಂದ ಎಡ ಎಂದು ಬರೆದರೆ ಕಿಮ್ಮೊ ಎಡ ಒತ್ತಿದ. ಬಾವಲಿ ಬಡಿದರೆ ಹಿಂದಕ್ಕೆ ಹೋದರು. ಬಲ, ಹಾರು, ಹಿಂದೆ, ಮತ್ತೆ ಹಾರು. ಎಷ್ಟೋ ಕಡೆ ಯಾವ ಗುಂಡಿ ಬೇಕೆಂದು ಕಿಮ್ಮೊನಿಗೆ ಮುಂಚೆಯೇ ಕಾಣುತ್ತಿತ್ತು. ತುಟಿ ಕಚ್ಚಿ ಕಾದ. ನಡುವೆ ಸಾಂಪ್ಸನ ಕಣ್ಣು ಸೋತು ನೀರು ಸುರಿಯುತ್ತಿತ್ತು, ಹನ್ನೆಲೆ ಬಂದು ಒರೆಸಿ ಹೋಗುತ್ತಿದ್ದಳು. ಸಂಜೆ ನಾಲ್ಕಕ್ಕೆ ಒಂಬತ್ತು ಫ್ರೇಮ್ ಆಗಿತ್ತು.

"ನಾಳೆ ಬೇಗ ಬಾ," ಎಂದಿತು ಯಂತ್ರ.

"ಬರ್ತೀನಿ."

ಕಿಮ್ಮೊ ಹೊರಗೆ ಬಂದು ಕಾರಿನಲ್ಲಿ ಕೂತ, ಬೀಗದ ಕೈ ತಿರುಗಿಸಲಿಲ್ಲ. ದಿನಕ್ಕೆ ಒಂಬತ್ತರಂತೆ ಆ ಗುಹೆಗೆ ಹದಿನಾಲ್ಕು ತಿಂಗಳು ಬೇಕು. ಸಾಂಪ್ಸ ಈ ಬೇಸಿಗೆ ದಾಟುವುದು ಕಷ್ಟ ಎಂದು ವೈದ್ಯರು ಹೇಳಿ ಹದಿನೈದು ದಿನವಾಗಿತ್ತು. ಒಳಗೆ ಕೂತಿದ್ದ ಸಾಂಪ್ಸನಿಗೆ ಈ ಲೆಕ್ಕ ಮೊದಲ ಫ್ರೇಮ್ ಒತ್ತುವ ಮುಂಚೆಯೇ ಗೊತ್ತಿತ್ತು. ಲೆಕ್ಕದಲ್ಲಿ ಅವನು ಯಾವತ್ತೂ ಕಿಮ್ಮೊನಿಗಿಂತ ಚುರುಕು.